ಕಡೆಯ ನುಡಿ ಇಲ್ಲದ ವಿಡಿಯೋ

ಅಪ್ಪನ ಹಾಡಿನ ವಿಡಿಯೋದಿಂದ ಕಡೆಯ ನುಡಿಯನ್ನು ಕತ್ತರಿಸಿ ತೆಗೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಹಾಡಿನ ಮಾತು ಬಂದಾಗಲೆಲ್ಲ ನಮ್ಮ ಬಳಗದವರು ಯಾರೋ ದೂರದ ಊರಿನ ಹಾಡುಗಾರನನ್ನು ಬೈಯುತ್ತಾರೆ, ಮೊಬೈಲನ್ನು ಬೈಯುತ್ತಾರೆ, ಕಾಲವನ್ನು ಬೈಯುತ್ತಾರೆ. ನನ್ನನ್ನು ಮಾತ್ರ ಯಾರೂ ಬೈಯುವುದಿಲ್ಲ. ಮಗಳು ಪಾಪ ಅಪ್ಪನ ಮೇಲಿನ ಅಕ್ಕರೆಯಿಂದ ಮಾಡಿದಳು ಅನ್ನುತ್ತಾರೆ. ಅಕ್ಕರೆ ಇತ್ತು, ಇಲ್ಲ ಅನ್ನುವುದಿಲ್ಲ. ಅಕ್ಕರೆ ಒಂದೇ ಇತ್ತು ಅಂದರೆ ಸುಳ್ಳಾಗುತ್ತದೆ.

ನನ್ನ ತವರು ಬೀಳಗಿ ತಾಲೂಕಿನದು. ಕುರಿ ಕಾಯುವ, ಒಂದಿಷ್ಟು ಹೊಲ ಮಾಡುವ, ಬೀರೇಶ್ವರನಿಗೆ ನಡೆದುಕೊಳ್ಳುವ ಮನೆತನ ನಮ್ಮದು. ನಾನು ಸಣ್ಣ ತರಗತಿಯಲ್ಲಿದ್ದಾಗ ಜಿಲ್ಲೆ ಹೊಸದಾಯಿತು. ನೋಟುಬುಕ್ಕಿನ ಮೇಲೆ ವಿಜಾಪುರ ಜಿಲ್ಲೆ ಎಂದು ಬರೆದದ್ದಕ್ಕೆ ಕಾಟು ಹೊಡೆದು ಬಾಗಲಕೋಟ ಜಿಲ್ಲೆ ಎಂದು ಬರೆದುಕೊಳ್ಳಿರಿ ಎಂದರು ಮಾಸ್ತರರು. ಕೆಲವೇ ವರ್ಷಗಳಲ್ಲಿ ಆಣೆಕಟ್ಟಿನ ಹಿನ್ನೀರು ಬಂದು ಊರಿನ ಹೆಸರಿಗೂ ಕಾಟು ಬಿತ್ತು. ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದೆವು. ಮೂರ್ನಾಲ್ಕು ಮುಳುಗಡೆ ಊರುಗಳ ಜನ ಅಲ್ಲಿ ಕಲೆತಿದ್ದರು. ಆ ಕೇಂದ್ರಕ್ಕೆ ಹೆಸರಿರಲಿಲ್ಲ, ನಂಬರು ಇತ್ತು.

ಅಪ್ಪನಿಗೆ ಡೊಳ್ಳಿನ ಪದ ಕಲಿಸಿದ ಗುರು ನಮ್ಮ ಹಳೆಯ ಊರಿನವನೇ. ಹೆಂಡತಿ ಮಕ್ಕಳಿಲ್ಲದ ಮುದುಕ. ಅಕ್ಷರ ಬಾರದಿದ್ದರೂ ಪದ ಕಟ್ಟುವುದರಲ್ಲಿ ಅವನನ್ನು ಸರಿಗಟ್ಟುವವರು ಇರಲಿಲ್ಲ. ನೀರು ಬಂದ ವರ್ಷ ಅವನು ಒಂದು ಪದ ಕಟ್ಟಿದ. ವರ್ಷಾ ವರ್ಷಾ ಕುರಿಹಿಂಡು ಹೋಗುತ್ತಿದ್ದ ದಾರಿ ನೀರಿನ ಕೆಳಗಾಗಿದೆ. ಮನುಷ್ಯರು ಬೇರೆ ದಾರಿ ಹಿಡಿದರೂ ಕುರಿಗಳು ಮಾತ್ರ ಹಳೆಯ ದಾರಿಯನ್ನೇ ಹಿಡಿದು ದಂಡೆಗೆ ಬಂದು ನಿಲ್ಲುತ್ತವೆ. ಮುಂದೆ ಎಲ್ಲಿ ಕಾಲಿಡೋಣ ಎಂದು ಕಾಯುವವನ ಮುಖ ನೋಡುತ್ತವೆ. ಪದದ ಹುರುಳು ಇಷ್ಟೇ. ಅಪ್ಪ ಅದನ್ನು ಹಾಡಿದರೆ ಗಟ್ಟಿಮುಟ್ಟಾದ ಗಂಡಸರು ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಂದ್ರಕ್ಕೆ ಬಂದ ಎರಡನೆಯ ವರ್ಷ ಗುರು ತೀರಿಕೊಂಡ. ಅವನ ಒಂದು ಫೋಟೋ ಇಲ್ಲ. ಅವನ ಹೆಸರು, ಊರಿನ ಹೆಸರು ಎರಡೂ ಕೂಡಿ ಉಳಿದದ್ದು ಆ ಪದದ ಕಡೆಯ ನುಡಿಯಲ್ಲಿ ಮಾತ್ರ.

ಈ ಕಡೆಯ ನುಡಿಯ ಕಟ್ಟಳೆಯನ್ನು ಹೇಳದಿದ್ದರೆ ನಾನು ಮಾಡಿದ್ದು ಏನೆಂದು ತಿಳಿಯುವುದಿಲ್ಲ. ನಮ್ಮ ಭಾಗದ ಪದಗಳಲ್ಲಿ ಕಥೆ ಮುಗಿದ ಮೇಲೆ ಒಂದು ನುಡಿ ಬರುತ್ತದೆ. ಇಂಥ ಊರು, ಆ ಊರಿನ ಇಂಥ ದೇವರು, ಈ ಪದ ಕಟ್ಟಿದ ಇಂಥ ಗುರು, ಅವನ ಮಗನಂಥ ಶಿಷ್ಯ ಇಂಥವನು ಎಂದು ಸಾಲಾಗಿ ಹಾಡಿ ಡೊಳ್ಳು ನಿಲ್ಲಿಸಬೇಕು. ಯಾರೇ ಹಾಡಲಿ, ಎಲ್ಲೇ ಹಾಡಲಿ, ಆ ನುಡಿಯನ್ನು ಬಿಡುವಂತಿಲ್ಲ. ಪೈಪೋಟಿಯ ಹಾಡಿಕೆಯಲ್ಲಿ ಎದುರು ಪಾರ್ಟಿಯವರು ಜಗಳಕ್ಕೆ ನಿಂತು ನಮ್ಮ ಪದವನ್ನೇ ಹಾಡಿ ನಮ್ಮನ್ನು ಹಂಗಿಸಿದರೂ ಕಡೆಗೆ ನಮ್ಮ ಗುರುವಿನ ಹೆಸರು ಹೇಳಿಯೇ ಮುಗಿಸುತ್ತಾರೆ. ಕಡೆಯ ನುಡಿ ಇಲ್ಲದ ಪದ ಬೇವಾರಸಿ ಪದ. ಅದಕ್ಕೆ ಯಾರು ಬೇಕಾದರೂ ತಮ್ಮ ಹೆಸರು ಕಟ್ಟಿಕೊಳ್ಳಬಹುದು, ಅದು ಕಳವಲ್ಲ. ಕಾಗದಪತ್ರವಿಲ್ಲದ ಜನ ತಮ್ಮ ಆಸ್ತಿಗೆ ಹಾಕಿಕೊಂಡ ಬೇಲಿ ಅದು.

ನನಗೆ ಇದು ಗೊತ್ತಿರಲಿಲ್ಲವೆ? ಓದುಬರಹ ಕಲಿಯುವ ಮೊದಲೇ ಗೊತ್ತಿತ್ತು. ಆರೇಳು ವರ್ಷದವಳಿದ್ದಾಗ ಒಮ್ಮೆ ಅಪ್ಪನ ಮೊಣಕಾಲ ಮೇಲೆ ಕುಳಿತು, “ಅಪ್ಪಾ, ಕಡೀ ನುಡಿಯೊಳಗ ನನ್ನ ಹೆಸರೂ ಹಾಕೋ” ಎಂದು ಕೇಳಿದ್ದೆ. ಮೇಳದವರೆಲ್ಲ ಘೊಳ್ಳೆಂದು ನಕ್ಕರು. ಅಪ್ಪನೂ ನಕ್ಕ. “ನೀ ಕೊಟ್ಟ ಮನಿಗಿ ಹೋಗಾಕಿ ಯವ್ವಾ. ನಿನ್ನ ಹೆಸರ ಅಲ್ಲಿ ಯಾರರ ಹಾಡ್ತಾರ” ಎಂದ. ತಮಾಷೆಗೆ ಅಂದ ಮಾತು. ನಾನೂ ನಕ್ಕೆ. ಆದರೆ ಮೂವತ್ತು ವರ್ಷ ದಾಟಿದ ಮೇಲೂ ನನಗೆ ಆ ನಗು ಯಾರ್‍ಯಾರ ಬಾಯಿಂದ ಬಂತೆಂದು ಎಣಿಸಿ ಹೇಳಲು ಬರುತ್ತದೆ.

ಕೊಟ್ಟ ಮನೆಗೆ ಬಂದೆ. ಬನಹಟ್ಟಿಯಲ್ಲಿ ನಮ್ಮ ಮನೆಯವರಿಗೆ ನಾಲ್ಕು ಪಾವರ್‌ಲೂಮ್ ಇದ್ದವು. ಇದು ಮಗ್ಗದ ಸಪ್ಪಳದಲ್ಲೇ ಏಳುವ, ಮಗ್ಗದ ಸಪ್ಪಳದಲ್ಲೇ ಮಲಗುವ ಊರು. ಕರೆಂಟು ಹೋದರೆ ಮಾತ್ರ ನಮಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ನಾನು ಪಿಯುಸಿ ಓದಿದ್ದೆ, ಜಮಖಂಡಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಅದೇ ದೊಡ್ಡ ವಿದ್ಯೆಯಾಗಿ, ರಬಕವಿಯ ಸೀರೆ ವ್ಯಾಪಾರಿಗಳಿಗೆ ಮೊಬೈಲಿನಲ್ಲಿ ಸೀರೆಯ ವಿಡಿಯೋ ಮಾಡಿ ಹಾಕಿಕೊಡುವ ಕೆಲಸ ಹಿಡಿದೆ. ಮಿನಿಟಿನೊಳಗೆ ಸೀರೆ ತೋರಿಸಬೇಕು. ಮೊದಲಿಗೆ ಸೆರಗು, ಆಮೇಲೆ ಅಂಚು, ಆಮೇಲೆ ಮೈ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯನ್ನು ಯಾರೂ ತೋರಿಸುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಕಣ್ಣಿಗೆ ಬೀಳುವುದನ್ನು ಮುಂದೆ ಹಿಡಿ, ಉಳಿದದ್ದನ್ನು ಬಿಡು ಎನ್ನುವುದು ನನಗೆ ಕೈರೂಢಿಯಾಯಿತು.

ಮೊಬೈಲಿನ ಡೇಟಾ ಅಗ್ಗವಾದ ವರ್ಷ ಎಲ್ಲರ ಕೈಯಲ್ಲೂ ವಿಡಿಯೋ ಬಂತು. ಅತ್ತೆಯಂದಿರು, ಮಗ್ಗ ಓಡಿಸುವವರು, ಕಬ್ಬು ಕಡಿಯುವ ಗ್ಯಾಂಗಿನವರು, ಎಲ್ಲರೂ ತಲೆ ಬಗ್ಗಿಸಿ ನೋಡುವವರೇ. ಹಾಳುಮೂಳು ಹಾಡುಗಳನ್ನೆಲ್ಲ ಮಂದಿ ನೋಡುತ್ತಾರೆ, ನಮ್ಮ ಅಪ್ಪನ ಹಾಡನ್ನು ಯಾಕೆ ನೋಡಬಾರದು ಅನ್ನಿಸಿತು. ಆಗ ಅಪ್ಪನ ಮೇಳ ಸೊರಗಿತ್ತು. ಹಾಡಿಕೆಗೆ ಕರೆಯುವವರು ಕಡಿಮೆಯಾಗಿದ್ದರು. ಮೇಳದ ಇಬ್ಬರು ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗಿ ಡೊಳ್ಳನ್ನು ಗೂಟಕ್ಕೆ ಹಾಕಿದ್ದರು. ನಾನು ಫೋನ್ ಮಾಡಿ, “ಅಪ್ಪಾ, ಒಂದ ಸಲ ಹಾಡು, ನಾ ವಿಡಿಯೋ ಮಾಡ್ತೇನಿ, ಊರೆಲ್ಲಾ ನೋಡ್ತೈತಿ” ಎಂದೆ.

“ಹಾಡೂದು ಎದುರಿಗೆ ಕುಂತಾವರಿಗೆ ಯವ್ವಾ. ನಿನ್ನ ಫೋನಿನ್ಯಾಗ ಯಾರ ಕುಂತಿರ್ತಾರ?” ಎಂದ ಅಪ್ಪ.

“ನಾ ಕುಂತಿರ್ತೇನಲ್ಲೋ” ಎಂದೆ. ಆ ಮಾತಿಗೆ ಕರಗಿದ.

ಹಿನ್ನೀರಿನ ದಂಡೆಯ ಮೇಲೆ ಬೆಳಗಿನ ಬಿಸಿಲಿನಲ್ಲಿ ವಿಡಿಯೋ ಮಾಡಿದೆವು. ಗಾಳಿಗೆ ಮೈಕಿನಲ್ಲಿ ಬರ್‍ರೆಂದು ಸದ್ದು ಬರುತ್ತಿತ್ತು. ಸೀರೆಯ ಚಿಂದಿಯೊಂದನ್ನು ಸುತ್ತಿದ ಮೇಲೆ ನಿಂತಿತು. ಕಾರ್ಖಾನೆಯವರಿಬ್ಬರೂ ರಜೆ ಹಾಕಿ ಬಂದಿದ್ದರು. ಅಪ್ಪ ಬಿಳಿ ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿ, ನೀರಿಗೆ ಬೆನ್ನು ಕೊಟ್ಟು ಹಾಡಿದ. ಎಂಟೂವರೆ ಮಿನಿಟು. ಕಡೆಯ ನುಡಿ ಬಂದಾಗ ಅವನು ಕ್ಯಾಮೆರಾ ಬಿಟ್ಟು ನೀರಿನ ಕಡೆಗೆ ಹೊರಳಿದ. ಊರಿನ ಹೆಸರು ಹೇಳುವಾಗ ಊರಿದ್ದ ಕಡೆಗೆ ಕೈ ಚಾಚಿದ. ಮುಖ ಕಾಣಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ಉದ್ದನೆಯ ವಿಡಿಯೋಗಳನ್ನು ಹಾಕುವ ದೊಡ್ಡ ತಾಣವೊಂದಿದೆಯಲ್ಲ, ಮೊದಲು ಅದರಲ್ಲಿ ಚಾನೆಲ್ ಮಾಡಿ ಇಡೀ ಹಾಡನ್ನು ಹಾಕಿದೆ. ಹದಿನೈದು ದಿನ ನಮ್ಮ ಬಳಗದವರು, ಅಲ್ಲೊಬ್ಬರು ಇಲ್ಲೊಬ್ಬರು ಹೊರಗಿನವರು ಬಿಟ್ಟರೆ ಯಾರೂ ನೋಡಲಿಲ್ಲ. ಆ ತಾಣದವರು ನಮಗೆ ಒಂದು ಗೆರೆ ತೋರಿಸುತ್ತಾರೆ. ನೋಡುವವರು ಎಲ್ಲಿಯವರೆಗೆ ನೋಡಿದರು, ಎಲ್ಲಿ ಎದ್ದುಹೋದರು ಎನ್ನುವುದು ಅದರಲ್ಲಿ ಕಾಣುತ್ತದೆ. ಕಥೆ ನಡೆಯುವವರೆಗೂ ಗೆರೆ ಇಳಿಯುತ್ತ ಇಳಿಯುತ್ತ ಹೋಗಿ, ಕಡೆಯ ನುಡಿ ಶುರುವಾದ ಕೂಡಲೇ ಧೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಸಹಜವೇ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಗುರು, ಯಾರಿಗೆ ಬೇಕು? ಮಂದಿ ಹಾಗೆ ಅರ್ಧಕ್ಕೆ ಎದ್ದುಹೋದರೆ ಆ ತಾಣ ವಿಡಿಯೋವನ್ನು ಬೇರೆಯವರಿಗೆ ತೋರಿಸುವುದಿಲ್ಲ ಎಂದು ನಾನು ಅಲ್ಲಿಯೇ ಹತ್ತಾರು ವಿಡಿಯೋ ನೋಡಿ ಕಲಿತಿದ್ದೆ. ಕಲಿತ ವಿದ್ಯೆ ಸುಮ್ಮನೆ ಕೂಡಗೊಡಲಿಲ್ಲ.

ಒಂದು ಮಧ್ಯಾಹ್ನ ಅಡುಗೆ ಮನೆಯಲ್ಲಿ, ರೊಟ್ಟಿ ಬಡಿದು ಮುಗಿಸಿ, ಕೈಯ ಹಿಟ್ಟು ಒರೆಸಿಕೊಂಡು ಕುಳಿತು ಕತ್ತರಿಸಿದೆ. ಶುರುವಿನ ದೇವರ ಸ್ತುತಿ ತೆಗೆದೆ. ನಡುವಿನ ಎರಡು ನುಡಿ ತೆಗೆದೆ. ಕುರಿಗಳು ದಂಡೆಗೆ ಬಂದು ನಿಲ್ಲುವಲ್ಲಿ, ಅಪ್ಪನ ದನಿ ಮೇಲಕ್ಕೆ ಹೋಗಿ ಡೊಳ್ಳು ಒಂದು ಪೆಟ್ಟಿಗೆ ನಿಲ್ಲುವಲ್ಲಿ, ವಿಡಿಯೋ ಮುಗಿಸಿದೆ. ಅದರ ಮುಂದಿನದು ಕಡೆಯ ನುಡಿ. ಮುಖ ಬೇರೆ ಕಾಣುತ್ತಿರಲಿಲ್ಲ. ಅಳಿಸಲೋ ಬೇಡವೋ ಎಂದು ಮೊಬೈಲು ಒಂದು ಸಲ ಕೇಳಿತು. ಹ್ಞೂಂ ಅಂದೆ.

ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಆಮೇಲೆ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೆರೆಯೇ ಇತ್ತು. ಆದರೆ ಗೆರೆಯ ಹಿಂದೆ ಸಣ್ಣದೊಂದು ಹಟವೂ ಇತ್ತು. ಹಾಡಿದವರು, ಡೊಳ್ಳು ಬಡಿದವರು, ಸತ್ತ ಗುರು, ಮುಳುಗಿದ ಊರು ಎಲ್ಲರಿಗೂ ಆ ನುಡಿಯಲ್ಲಿ ಜಾಗವಿತ್ತು. ಈಗ ಅದನ್ನೆಲ್ಲ ಲೋಕಕ್ಕೆ ಮುಟ್ಟಿಸುತ್ತಿರುವವಳು ನಾನು, ನನಗೆ ಅಲ್ಲಿ ಜಾಗವಿರಲಿಲ್ಲ. ತೆಗೆದರೆ ನನಗೇನು ಹೋಗಬೇಕಾಗಿತ್ತು? ಹೀಗೆ ಅಂದುಕೊಂಡೇ ತೆಗೆದೆ ಅಂತಲ್ಲ. ತೆಗೆದ ಮೇಲೆ ತಿರುಗಿ ನೋಡದೆ ಎದ್ದು ಹಂಚು ತೊಳೆದೆ, ಅಷ್ಟೇ ಹೇಳಬಲ್ಲೆ.

ಅಪ್ಪನಿಗೆ, “ಹಾಡು ಸ್ವಲ್ಪ ಸಣ್ಣದ ಮಾಡೀನಿ” ಎಂದೆ. “ಮಾಡವ್ವಾ, ಅದರಾಗ ನನಗೇನ ತಿಳೀತೈತಿ” ಎಂದ. ತನ್ನ ದನಿಯನ್ನು ತಾನೇ ಕೇಳಲು ಅವನಿಗೆ ನಾಚಿಕೆ. ಎರಡು ಸಾಲು ಕೇಳಿ ಫೋನು ತಿರುಗಿ ಕೊಟ್ಟುಬಿಟ್ಟ.

ಆಮೇಲೆ ನಾನು ಮಾಡಿದ ಪ್ರಚಾರ ಸಣ್ಣದಲ್ಲ. ದೊಡ್ಡ ತಾಣಕ್ಕೆ ಮೂರು ಮಿನಿಟಿನದು. ಗೆಳೆಯರು ಬಳಗದವರು ಫೋಟೋ ಹಾಕಿಕೊಳ್ಳುವ ತಾಣಕ್ಕೆ ಒಂದು ಮಿನಿಟಿನದು, ಅಲ್ಲಿ ಮಂದಿ ಸದ್ದಿಲ್ಲದೆ ನೋಡುತ್ತಾರೆಂದು ಕೆಳಗೆ ಹಾಡಿನ ಸಾಲುಗಳನ್ನು ಬರೆದದ್ದು. ಹುಡುಗ ಹುಡುಗಿಯರು ಕುಣಿದು ಹಾಕುವ ಆಪ್‌ಗೆ ಹದಿನೈದು ಸೆಕೆಂಡಿನದು, ಬರೀ ಡೊಳ್ಳು ಮತ್ತು ಒಂದು ಸಾಲು. ವಾಟ್ಸಪ್ ಗ್ರೂಪುಗಳಿಗೆ ಇನ್ನೊಂದು, ತೂಕ ಕಡಿಮೆ ಮಾಡಿದ್ದು. ಒಂದೊಂದಕ್ಕೆ ಒಂದೊಂದು ಆಕಾರ: ಒಂದಕ್ಕೆ ಅಡ್ಡ, ಒಂದಕ್ಕೆ ಉದ್ದ, ಒಂದಕ್ಕೆ ಚೌಕ. ಚೌಕದಲ್ಲಿ ಅಪ್ಪ ಮಾತ್ರ ಉಳಿದು ಮೇಳದವರು ಆಚೆ ಈಚೆ ಕತ್ತರಿಸಿ ಹೋದರು. ಕಾರ್ಖಾನೆಗೆ ರಜೆ ಹಾಕಿ ಬಂದವನ ಅರ್ಧ ಕೈ, ಒಂದು ತಾಳ, ಇಷ್ಟು ಕಾಣುತ್ತಿತ್ತು.

ಹಾಡು ಓಡಿತು. ಓಡಿತು ಅನ್ನುವುದು ಸಣ್ಣ ಮಾತಾಯಿತು, ಹಾರಿತು. ಬಾಡಗಂಡಿ ಕಡೆಗೆ ಕಬ್ಬು ಹೊತ್ತು ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳಲ್ಲಿ ಅಪ್ಪನ ದನಿ. ಹಿಪ್ಪರಗಿಯ ಬ್ಯಾರೇಜಿನ ಮೇಲೆ ಬೈಕ್ ನಿಲ್ಲಿಸಿ ನೀರಿನ ಎದುರಿಗೆ ವಿಡಿಯೋ ಮಾಡಿಕೊಳ್ಳುವ ಹುಡುಗರ ಹಿಂದೆ ಅಪ್ಪನ ದನಿ. ಜಮಖಂಡಿಯ ಮೊಬೈಲ್ ಅಂಗಡಿಗಳಲ್ಲಿ ಮೆಮರಿ ಕಾರ್ಡಿಗೆ ತುಂಬಿಕೊಡುವ ಹಾಡುಗಳಲ್ಲಿ ಅದೂ ಒಂದು. ನಮ್ಮ ಮನೆಯವರು ಮಗ್ಗ ನಿಲ್ಲಿಸಿ ಪಕ್ಕದ ಮನೆಯವರಿಗೆ, “ನಮ್ಮ ಮಾವ್ರದು” ಎಂದು ತೋರಿಸಿ ಎದೆಯುಬ್ಬಿಸಿದರು. ಅಪ್ಪನ ಮೇಳಕ್ಕೆ ಮತ್ತೆ ಕರೆ ಬರತೊಡಗಿತು. ಕಾರ್ಖಾನೆಯವರಿಬ್ಬರೂ ಗೂಟದಿಂದ ಡೊಳ್ಳು ಇಳಿಸಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಕೆಳಗೆ ಕಮೆಂಟುಗಳು. ಅವನ್ನು ಈಗ ನೆನೆದರೆ ಮೈ ಉರಿಯುತ್ತದೆ. “ಯಾವ ಊರಿನವರ್ರಿ ಇವರು?” “ಈ ಪದ ಕಟ್ಟಿದವರು ಯಾರು?” “ಅಣ್ಣಾ ಹೆಸರು ಹೇಳ್ರಿ.” ಒಬ್ಬರಲ್ಲ ಇಬ್ಬರಲ್ಲ, ಸಾಲುಸಾಲು ಮಂದಿ ಕೇಳಿದ್ದರು. ಮಂದಿಗೆ ಬೇಡ ಎಂದು ನಾನು ಯಾವುದನ್ನು ತೆಗೆದಿದ್ದೆನೋ ಅದನ್ನೇ ಕೇಳಿದ್ದರು. ಉತ್ತರ ಕೊಟ್ಟೆನೆ? ಎಲ್ಲರಿಗೂ ಕೈಮುಗಿಯುವ ಚಿತ್ರ ಹಾಕಿ, “ಶೇರ್ ಮಾಡ್ರಿ, ಬೆಂಬಲಿಸ್ರಿ” ಎಂದು ಒಂದೇ ಉತ್ತರ ಅಂಟಿಸುತ್ತ ಹೋದೆ. ಕಮೆಂಟಿಗೆ ಬೇಗ ಬೇಗ ಉತ್ತರ ಕೊಟ್ಟರೆ ವಿಡಿಯೋ ಮೇಲೆ ಬರುತ್ತದೆಂದು ಕಲಿತಿದ್ದೆನಲ್ಲ, ಓದಿ ನೋಡುವಷ್ಟು ವ್ಯವಧಾನ ಇರಲಿಲ್ಲ.

ಮುಂದಿನ ವರ್ಷ ಅದೇ ಪದ ಬೇರೆ ದನಿಯಲ್ಲಿ ಬಂತು. ದೂರದ ಊರಿನ ಒಬ್ಬ ಹಾಡುಗಾರ, ಸ್ಟುಡಿಯೋದಲ್ಲಿ, ಕೀಬೋರ್ಡು ಡಿಜೆ ಎಲ್ಲ ಸೇರಿಸಿ ಹಾಡಿದ್ದ. ನಾನು ಎಲ್ಲಿಯವರೆಗೆ ಉಳಿಸಿದ್ದೆನೋ ಅಲ್ಲಿಯವರೆಗೆ ಒಂದಕ್ಷರ ತಪ್ಪಿರಲಿಲ್ಲ. ಆಮೇಲೆ ಹೊಸದಾಗಿ ಕಟ್ಟಿದ ಕಡೆಯ ನುಡಿ ಇತ್ತು. ಅವನ ಊರು, ಅವನ ದೇವರು, ಅವನ ಗುರು, ಅವನು. ಅಚ್ಚುಕಟ್ಟಾಗಿ, ಕಟ್ಟಳೆಯ ಪ್ರಕಾರ. ಅದು ನಮ್ಮದಕ್ಕಿಂತ ಹೆಚ್ಚು ಓಡಿತು. ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಕೆಲವು ದಿನಕ್ಕೆ ದೊಡ್ಡ ತಾಣದಿಂದ ನನಗೊಂದು ನೋಟಿಸು ಬಂತು. ನಿಮ್ಮ ವಿಡಿಯೋದಲ್ಲಿ ಬೇರೆಯವರಿಗೆ ಸೇರಿದ ಹಾಡು ಇದೆ ಎಂದು. ಬೇರೆಯವರಿಗೆ ಸೇರಿದ್ದಂತೆ! ಮೊಬೈಲನ್ನು ಗೋಡೆಗೆ ಬಡಿಯಬೇಕೆನ್ನಿಸಿತು. ಇದು ನಿಮ್ಮದೆಂಬುದಕ್ಕೆ ಏನು ಆಧಾರ ಎಂದು ಅವರು ಕೇಳಿದ ಫಾರಮ್ಮಿನಲ್ಲಿ ನಾನು ಏನು ಬರೆಯಬೇಕಾಗಿತ್ತು? ಆಧಾರ ಹಾಡಿನೊಳಗೇ ಇತ್ತು, ಅಡುಗೆ ಮನೆಯಲ್ಲಿ ಕುಳಿತು ಅಳಿಸಿದ್ದೇನೆ ಎಂದೇ? ಹದಿನೈದು ದಿನ ಮಾತ್ರ ಇದ್ದ ಇಡೀ ವಿಡಿಯೋವನ್ನು, ಚಾನೆಲ್ ಚೆನ್ನಾಗಿ ಕಾಣಲೆಂದು ನಾನೇ ತೆಗೆದುಹಾಕಿದ್ದೆ. ಮೂಲದ್ದು ಹಳೆಯ ಮೊಬೈಲಿನಲ್ಲಿತ್ತು, ಆ ಮೊಬೈಲನ್ನು ಕೊಟ್ಟು ಹೊಸದು ತಂದಿದ್ದೆವು.

ಅಪ್ಪನಿಗೆ ಗೊತ್ತಾದದ್ದು ಜಮಖಂಡಿಯ ಹತ್ತಿರ, ಒಂದು ಗುಡಿಯ ಮುಂದಿನ ಹಗಲು ಹಾಡಿಕೆಯಲ್ಲಿ. ಎರಡು ಪಾರ್ಟಿ ಎದುರುಬದುರು ಕುಳಿತಿದ್ದವು. ಅಪ್ಪ ಈ ಪದ ಎತ್ತಿಕೊಂಡ. ಪೂರ್ತಿ ಹಾಡಿ, ಊರಿನ ಹೆಸರು, ಗುರುವಿನ ಹೆಸರು ಹೇಳಿ ಡೊಳ್ಳು ನಿಲ್ಲಿಸಿದ. ಆಗ ಎದುರು ಪಾರ್ಟಿಯ ಮುಖ್ಯಸ್ಥ ಎದ್ದು ನಿಂತು, ಎಲ್ಲರೂ ಕೇಳುವಂತೆ, “ಹಿರ್ಯಾರ, ಮಂದಿ ಪದಕ್ಕ ನಿಮ್ಮ ಗುರುವಿನ ಹೆಸರ ಕಟ್ಟೀರಲ್ಲ, ಇದು ಛಲೋ ಅಲ್ಲ ನೋಡ್ರಿ” ಎಂದನಂತೆ. ಕುಳಿತವರು ಹೌದು ಹೌದು ಎಂದರಂತೆ. ಒಬ್ಬ ಮೊಬೈಲು ತೆಗೆದು ಆ ಸ್ಟುಡಿಯೋದ ಹಾಡು ಹಚ್ಚಿದನಂತೆ. ನಲವತ್ತು ವರ್ಷ ಹಾಡಿದವನಿಗೆ ಕಳ್ಳನೆಂಬ ಹೆಸರು, ಅದೂ ದೇವರ ಕಟ್ಟೆಯ ಮೇಲೆ. ಇದನ್ನು ನನಗೆ ಹೇಳಿದವರು ಮೇಳದವರು. ಅಪ್ಪ ಆ ಮಾತನ್ನು ಎಂದೂ ಆಡಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ಅಪ್ಪ ಬನಹಟ್ಟಿಗೆ ಬಂದ. ಚಹಾ ಬೇಡ ಅಂದ. “ಆ ನಿನ್ನ ವಿಡಿಯೋ ಹಚ್ಚು” ಎಂದ. ಮಗ್ಗದ ಸಪ್ಪಳದಲ್ಲಿ ಕೇಳುವುದಿಲ್ಲವೆಂದು ನಮ್ಮ ಮನೆಯವರು ನಾಲ್ಕೂ ಮಗ್ಗ ನಿಲ್ಲಿಸಿದರು. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು, ಮೊದಲ ಸಲ ಪೂರ್ತಿ ಕೇಳಿದ. ಡೊಳ್ಳು ಒಂದು ಪೆಟ್ಟಿಗೆ ನಿಂತಿತು. ವಿಡಿಯೋ ಮುಗಿಯಿತು. ಅವನು ಫೋನನ್ನು ಹಾಗೆಯೇ ಹಿಡಿದುಕೊಂಡಿದ್ದ. ಉಸಿರು ಎಳೆದುಕೊಂಡು, ಮುಂದಿನ ನುಡಿಗೆ ಕಾಯುತ್ತಿದ್ದ.

“ಮುಂದ?” ಎಂದ.

“ಇಷ್ಟ ಅಪ್ಪಾ.”

“ಕಡೀ ನುಡಿ?”

ನಾನು ಗೆರೆಯ ವಿಷಯ ಹೇಳಿದೆ. ಮಂದಿ ಎದ್ದುಹೋಗುತ್ತಾರೆ, ತಾಣ ಮೇಲಕ್ಕೆ ತರುವುದಿಲ್ಲ, ಒಂದೊಂದು ಆಪ್‌ಗೆ ಒಂದೊಂದು ಅಳತೆ ಎಂದು ಸೀರೆ ವ್ಯಾಪಾರಿಗಳಿಗೆ ಹೇಳುವ ಧಾಟಿಯಲ್ಲಿ ಗಡಬಡಿಸಿ ಹೇಳಿದೆ. ನಾನು ಸುಸ್ತಾಗಿ ನಿಲ್ಲಿಸಿದ ಮೇಲೆ, “ಎದ್ದು ಹೋಗಾವ್ರು ಹೋಗ್ಲೆವ್ವಾ. ನಮ್ಮ ಗುರು ಎದ್ದು ಹೋಗಾವ್ರ ಸಲುವಾಗಿ ಪದಾ ಕಟ್ಟಿದ್ನೇನು?” ಎಂದ. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಸಿಟ್ಟು ಮಾಡಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅವನನ್ನೋ ನನ್ನನ್ನೋ ಗೊತ್ತಿಲ್ಲ.

ಆ ದೂರದ ಹಾಡುಗಾರನಿಗೆ ಫೋನ್ ಹಚ್ಚು ಎಂದ. ನಂಬರು ಹುಡುಕಿ ಹಚ್ಚಿಕೊಟ್ಟೆ. ಆ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು! “ಯಪ್ಪಾ, ಖರೇನ ಗೊತ್ತಿರಲಿಲ್ಲರಿ. ಕಡೀ ನುಡಿ ಇರಲಿಲ್ಲಲ್ರಿ. ಮೂರು ತಿಂಗಳ ಹುಡಿಕ್ಯಾಡಿದ್ವಿ, ಕೆಳಗ ಬರದೂ ಕೇಳಿದ್ವಿ, ಯಾರೂ ಹೇಳಲಿಲ್ಲ. ಬೇವಾರಸಿ ಪದ ಹಂಗ ಬಿಡಬಾರದಂತ ನಮ್ಮ ಗುರುವಿನ ಹೆಸರ ಕಟ್ಟಿದ್ವಿರಿ” ಎಂದ. ಫೋನು ಸ್ಪೀಕರಿನಲ್ಲಿತ್ತು. ಕೆಳಗೆ ಬರೆದು ಕೇಳಿದವರಲ್ಲಿ ಅವನೂ ಒಬ್ಬ. ಅವನಿಗೂ ನಾನು ಕೈಮುಗಿಯುವ ಚಿತ್ರ ಕಳಿಸಿರಬೇಕು.

“ನಿಂದೇನ ತಪ್ಪಿಲ್ಲ ತಮ್ಮಾ. ನೀ ಕಟ್ಟಳಿ ಪ್ರಕಾರ ಮಾಡೀದಿ” ಎಂದ ಅಪ್ಪ. ಫೋನು ನನ್ನ ಕೈಗೆ ಕೊಟ್ಟ.

ನಾನು ಅಳುತ್ತ, “ಅಪ್ಪಾ, ಎಲ್ಲಾ ಕಡೆ ಹೆಸರ ಬರದ ಹಾಕ್ತೇನಿ. ಮ್ಯಾಲ ಬರೀತೇನಿ, ಕೆಳಗ ಬರೀತೇನಿ, ಊರ ಹೆಸರ, ಗುರುವಿನ ಹೆಸರ, ದೊಡ್ಡ ಅಕ್ಷರದಾಗ” ಎಂದೆ. ಅವನು ರುಮಾಲು ಬಿಚ್ಚಿ, ಝಾಡಿಸಿ, ಮತ್ತೆ ಸುತ್ತಿಕೊಂಡು ಎದ್ದ.

“ಹೆಸರ ಹಾಡೂದಿತ್ತು ಯವ್ವಾ, ಬರಿಯೂದಲ್ಲ. ನೀ ಇನ್ನ ಬರೀಬ್ಯಾಡ.”

ಅದಕ್ಕೇ ಇಲ್ಲಿಯೂ ನಾನು ಯಾರ ಹೆಸರನ್ನೂ ಬರೆದಿಲ್ಲ. ಓದುವವರಿಗೆ ವಿಚಿತ್ರ ಅನ್ನಿಸಿದ್ದರೆ ಕಾರಣ ಇದು.

ಆದರೂ ನಾನು ಸುಮ್ಮನೆ ಕೂಡಲಿಲ್ಲ. ಬರೆಯಬೇಡ ಅಂದನಲ್ಲ, ಹಾಡಿಸುವುದಕ್ಕೆ ಏನು ಅಡ್ಡಿ ಎಂದು ಹಟ ಹಿಡಿದೆ. ಬಹಳ ಜನರ ಎದುರಿಗೆ ಅಪ್ಪ ಪೂರ್ತಿ ಹಾಡಬೇಕು, ಅದನ್ನು ಒಂದು ಕೂದಲೂ ಕತ್ತರಿಸದೆ ಎಲ್ಲ ತಾಣಗಳಲ್ಲಿ ಹಾಕಬೇಕು. ಮುಧೋಳದಲ್ಲಿ ಹೊಸದಾಗಿ ತೆರೆದ ಟ್ರ್ಯಾಕ್ಟರ್ ಶೋರೂಮಿನವರು ಉದ್ಘಾಟನೆಗೆ ಹಾಡಿನ ಕಾರ್ಯಕ್ರಮ ಇಟ್ಟಿದ್ದರು. ವಿಡಿಯೋದ ಮೇಳ ಬೇಕು ಎಂದು ನನಗೇ ಫೋನ್ ಮಾಡಿದ್ದರು. ಅಪ್ಪ ಒಲ್ಲೆನೆಂದ. ನಾನು ಎರಡು ಸಲ ತವರಿಗೆ ಹೋಗಿ, ಕಾಲು ಹಿಡಿದು ಒಪ್ಪಿಸಿದೆ. “ಗುರುವಿನ ಹೆಸರ ಸಾವಿರ ಮಂದಿ ಕೇಳ್ತಾರಪ್ಪಾ” ಎಂದ ಮೇಲೆ ಒಪ್ಪಿದ.

ಬೆಳಗಿನ ಹನ್ನೊಂದು ಗಂಟೆ. ಹೂವಿನ ಸರ ಹಾಕಿದ ಕೆಂಪು, ನೀಲಿ ಟ್ರ್ಯಾಕ್ಟರುಗಳ ನಡುವೆ ವೇದಿಕೆ. ಪೆಂಡಾಲಿನ ತುಂಬ ರೈತರು, ಅವರ ಹೆಂಡಂದಿರು, ಮಕ್ಕಳು. ನಾನು ನಾಲ್ಕನೆಯ ಸಾಲಿನಲ್ಲಿ ಕುಳಿತೆ. ನಮ್ಮ ಮನೆಯವರನ್ನು ನಡುವೆ ನಿಲ್ಲಿಸಿ ಮೊಬೈಲು ಸ್ಟ್ಯಾಂಡಿಗೆ ಹಾಕಿಸಿದ್ದೆ. ದೇವರ ಸ್ತುತಿ ಮುಗಿಸಿ ಅಪ್ಪ ಪದ ಎತ್ತಿದ ಕೂಡಲೇ ಮಂದಿ ಸಿಳ್ಳೆ ಹೊಡೆದರು. ಎಲ್ಲರಿಗೂ ಸಾಲು ಸಾಲು ಬಾಯಿಪಾಠ. ಅಪ್ಪ ಹಾಡುತ್ತಿದ್ದರೆ ಪೆಂಡಾಲಿಗೆ ಪೆಂಡಾಲೇ ಹಾಡುತ್ತಿತ್ತು. ನಾನು ತೆಗೆದ ನಡುವಿನ ಎರಡು ನುಡಿ ಬಂದಾಗ ಮಾತ್ರ ಮಂದಿ ತಡವರಿಸಿ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಮತ್ತೆ ಸೇರಿಕೊಂಡರು. ಅಪ್ಪನ ಮುಖದಲ್ಲಿ ಬಹಳ ದಿನಕ್ಕೆ ಒಂದು ಕಳೆ ಬಂದಿತ್ತು. ಇದಕ್ಕಾಗಿಯೇ ನಾನು ಎಲ್ಲ ಮಾಡಿದ್ದು, ನೋಡು, ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿಕೊಂಡೆ.

ಕುರಿಗಳು ದಂಡೆಗೆ ಬಂದು ನಿಂತವು. ಅಪ್ಪನ ದನಿ ಮೇಲಕ್ಕೆ ಹೋಯಿತು. ಡೊಳ್ಳು ಒಂದು ಪೆಟ್ಟಿಗೆ ನಿಂತಿತು. ಅಷ್ಟೇ, ಇಡೀ ಪೆಂಡಾಲು ಚಪ್ಪಾಳೆ ಹೊಡೆಯುತ್ತ ಎದ್ದು ನಿಂತಿತು. ಹಾಡು ಮುಗಿಯಿತೆಂದು ಅವರಿಗೆ ಗೊತ್ತಿತ್ತು. ಅಪ್ಪನ ವಿಡಿಯೋದಲ್ಲಿ ಅದು ಎಲ್ಲಿ ಮುಗಿಯುತ್ತದೆಂದು ಅವರು ನೂರು ಸಲ ನೋಡಿದ್ದರು. ನಿರೂಪಣೆ ಮಾಡುವವನು ಓಡಿ ಬಂದು ಅಪ್ಪನ ಮುಂದಿನ ಮೈಕನ್ನು ತೆಗೆದುಕೊಂಡು, “ಭಾಳ ಛಲೋ ಹಾಡಿದ್ರಿ, ಇನ್ನೊಂದ್ ಸಲ ಜೋರಾಗಿ ಚಪ್ಪಾಳೆ” ಎಂದ. ಕುರ್ಚಿಗಳು ಸರಿದವು. ಊಟದ ಕಡೆಗೆ ಮಂದಿ ಹೊರಟರು.

ಎದ್ದವರ ಬೆನ್ನುಗಳ ನಡುವಿನಿಂದ ಅಪ್ಪ ನನಗೆ ಕಾಣಿಸಿದ. ಬಾಯಿ ಆಡುತ್ತಿತ್ತು. ಒಂದು ಕೈ ಕಿವಿಯ ಮೇಲೆ, ಇನ್ನೊಂದು ಕೈಯನ್ನು ಊರಿದ್ದ ಕಡೆಗೆ, ಟ್ರ್ಯಾಕ್ಟರುಗಳ ಮೇಲಿಂದ, ಚಾಚಿದ್ದ. ಕಡೆಯ ನುಡಿ ಹಾಡುತ್ತಿದ್ದ. ಮೈಕಿಲ್ಲದೆ, ಒಬ್ಬರೂ ಕೇಳದೆ. ಹಾಡುತ್ತ ಹಾಡುತ್ತ ಅವನು ಜನರ ನಡುವೆ ನನ್ನನ್ನು ಹುಡುಕಿ, ನನ್ನ ಮುಖವನ್ನಲ್ಲ, ಕೈಗಳನ್ನು ನೋಡಿದ. ಆಗ ನಾನೂ ಕೆಳಗೆ ನೋಡಿಕೊಂಡೆ. ನನ್ನ ಕೈಗಳು ಚಪ್ಪಾಳೆ ತಟ್ಟುತ್ತಿದ್ದವು. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ನಾನೇ ಇರಬೇಕು. ನನ್ನಷ್ಟು ಸಲ ಆ ವಿಡಿಯೋವನ್ನು ಬೇರೆ ಯಾರೂ ನೋಡಿರಲಿಲ್ಲ.